ಮೆಂತೆ ಡಬ್ಬಿಯ ಗುಳಿಗೆಗಳು

ಕಿಟ್ಟಣ್ಣ ಆಫ್ರಿಕಾಕ್ಕೆ ಹೊರಡುವಾಗ ಮನೆಯಲ್ಲಿ ಮೊದಲ ಜಗಳ ಆದದ್ದು ಚೀಲ ತುಂಬುವ ಹೊತ್ತಿನಲ್ಲಿ. ಹಪ್ಪಳದ ಕಟ್ಟು ಮೇಲಿರಬೇಕೋ, ಗುಳಿಗೆಯ ಡಬ್ಬಿ ಮೇಲಿರಬೇಕೋ ಎಂಬುದೇ ಜಗಳ.

"ಹಪ್ಪಳ ಅಡಿಗೆ ಹಾಕಿದ್ರೆ ಅಲ್ಲಿಗೆ ಮುಟ್ಟುವಾಗ ಹುಡಿ ಆಗ್ತದೆ" ಎಂದಳು ಹೆಂಡತಿ ಜಲಜಾಕ್ಷಿ.

"ಗುಳಿಗಿ ಅಡಿಗೆ ಹೋದ್ರ ಮಾವಾರ ಕೈಗೆ ಸಿಗೂದಿಲ್ರಿ ಅತ್ತ್ಯಾರ. ನಾಳೆ ವಿಮಾನದಾಗ ಸೈತ ಒಂದು ತಗೋಬೇಕು" ಎಂದಳು ಸೊಸೆ ಐಶ್ವರ್ಯಾ.

"ಹಾಗಾದ್ರೆ ಎರಡೂ ಮೇಲೆ ಇರಲಿ, ನನ್ನನ್ನು ಅಡಿಗೆ ಹಾಕಿ ಜಿಪ್ ಎಳೆಯಿರಿ" ಎಂದ ಕಿಟ್ಟಣ್ಣ. ಯಾರೂ ನಗಲಿಲ್ಲ. ಮಗ ರಂಜನ್ ಮಾತ್ರ ಮೊಬೈಲಿನಿಂದ ತಲೆಯೆತ್ತಿ "ಪಪ್ಪಾ, ಗುಳಿಗೆ ಶರ್ಟಿನ ಪಾಕೀಟಿನಲ್ಲಿ ಇಟ್ಕೋ ನಾ, ಖಿಟ್‌ಪಿಟ್ ಖತಂ" ಎಂದ. ಹಾಗೇ ಆಯಿತು.

ಡೊಂಬಿವಲಿ ಪೂರ್ವದ ಆ ಮೂರನೆಯ ಮಾಳಿಗೆಯ ಮನೆಗೆ ಎರಡು ಕೋಣೆ, ಒಂದು ಅಡುಗೆಮನೆ. ಆ ಒಂದು ಅಡುಗೆಮನೆಗೆ ಇಬ್ಬರು ಹೆಂಗಸರು. ಕಿಟ್ಟಣ್ಣ ಸ್ಟೇಷನ್ ಹತ್ತಿರದ ಹೊಟೇಲಿನಲ್ಲಿ ಮೂವತ್ತೊಂದು ವರ್ಷ ದೋಸೆಕಲ್ಲಿನ ಮುಂದೆ ನಿಂತವನು. ಆ ಹೊಟೇಲಿನ ಧಣಿಯ ತಮ್ಮ ಯುಗಾಂಡಾದ ಕಂಪಾಲಾದಲ್ಲಿ ಸಸ್ಯಾಹಾರಿ ಹೊಟೇಲು ತೆರೆದಿದ್ದ. ಅಲ್ಲಿಯ ಕೆಲಸದವರಿಗೆ ಹಿಟ್ಟು ಹುದುಗಿಸುವುದನ್ನೂ ಕಲ್ಲು ಪಳಗಿಸುವುದನ್ನೂ ಕಲಿಸಲು ಎರಡು ತಿಂಗಳ ಮಟ್ಟಿಗೆ ಒಬ್ಬರು ಬೇಕಾಗಿತ್ತು. "ಕಿಟ್ಟಣ್ಣನೇ ಬರಬೇಕು" ಎಂದು ಧಣಿ ಹೇಳಿಕಳುಹಿಸಿದಾಗ ಐವತ್ತೆಂಟರ ಕಿಟ್ಟಣ್ಣನ ಎದೆ ಒಂದು ಅಂಗುಲ ಅಗಲವಾಯಿತು. ಉಡುಪಿಯಿಂದ ಮುಂಬಯಿಗೆ ಬಂದದ್ದೇ ತನ್ನ ಜೀವಮಾನದ ದೊಡ್ಡ ಪ್ರಯಾಣವೆಂದು ಅವನು ಅಷ್ಟರವರೆಗೆ ತಿಳಿದಿದ್ದ.

ಹಳದಿ ಜ್ವರದ ಸೂಜಿ ಹಾಕಿಸಿಕೊಂಡ ಪುಸ್ತಕ ತೋರಿಸದಿದ್ದರೆ ಆ ದೇಶದೊಳಗೆ ಬಿಡುವುದಿಲ್ಲ. ಮಲೇರಿಯಾದ ಗುಳಿಗೆ ನುಂಗಿದೆಯಾ ಎಂದು ಮಾತ್ರ ಯಾವ ವಿಮಾನ ನಿಲ್ದಾಣದಲ್ಲೂ ಕೇಳುವವರಿಲ್ಲ. ಆ ಕೇಳುವ ಕೆಲಸವನ್ನು ಐಶ್ವರ್ಯಾ ತಾನೇ ತಲೆಗೆ ಕಟ್ಟಿಕೊಂಡಳು. ಬೇಲಾಪುರದ ಅವಳ ಆಫೀಸಿನ ಒಬ್ಬರು ಹಿಂದಿನ ವರ್ಷ ಕೀನ್ಯಾಕ್ಕೆ ಹೋಗಿ ಬಂದಿದ್ದರು. ಅವರು ಹೇಳಿದ, ಠಾಣೆ ಪಟ್ಟಣದ ಡಾಕ್ಟರರ ಬಳಿಗೆ ಅರ್ಧ ದಿನ ರಜೆ ಹಾಕಿ ಮಾವನನ್ನು ಕರೆದುಕೊಂಡು ಹೋದಳು. ಡಾಕ್ಟರು ಅವನ ಹಳೆಯ ಕಾಯಿಲೆ, ಈಗ ತೆಗೆದುಕೊಳ್ಳುವ ಔಷಧಿ ಎಲ್ಲ ಕೇಳಿ ಬರೆದುಕೊಟ್ಟದ್ದನ್ನು ಅವಳು ಕನ್ನಡದಲ್ಲಿ ದುಂಡಗೆ ಬರೆದು ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿದಳು: ದಿನಕ್ಕೆ ಒಂದು, ಹೊರಡುವ ಎರಡು ದಿನ ಮೊದಲಿನಿಂದ, ಅಲ್ಲಿರುವಷ್ಟೂ ದಿನ, ಬಂದ ಮೇಲೆ ಇನ್ನೂ ನಾಲ್ಕು ವಾರ. ಊಟದ ಜೊತೆ, ತುಂಬಿದ ಲೋಟ ನೀರಿನಲ್ಲಿ. ಹಾಲಿನ ಜೊತೆ ಬೇಡ. ನುಂಗಿ ಮಲಗಬಾರದು. ಸೊಳ್ಳೆಪರದೆ ಬಿಡಬಾರದು. ಹೋಗಿ ಬಂದ ಒಂದು ವರ್ಷದೊಳಗೆ ಜ್ವರ ಬಂದರೆ ಎಲ್ಲಿಗೆ ಹೋಗಿದ್ದೆನೆಂದು ಡಾಕ್ಟರಿಗೆ ಹೇಳಬೇಕು, ಅದೇ ದಿನ ರಕ್ತ ನೋಡಿಸಬೇಕು.

ಜಲಜಾಕ್ಷಿ ಮುಚ್ಚಳ ತೆರೆದು ಓದಿದಳು. ಓದಿ ಮುಚ್ಚಿದಳು.

"ಬಂದ ಮೇಲೂ ನಾಲ್ಕು ವಾರ ಎಂತಕ್ಕೆ? ನಮ್ಮ ಮನೆಯಲ್ಲಿ ಆಫ್ರಿಕದ ಸೊಳ್ಳೆ ಉಂಟಾ?"

"ಹಂಗಲ್ರಿ ಅತ್ತ್ಯಾರ. ಕಡೀ ದಿನ ಕಚ್ಚಿದ್ರ ಅದು ಮೈಯಾಗ ಅಡಗಿ ಕುಂತಿರತದಂತ. ಹೊರಗ ಬಂದಾಗ ಹಿಡೀಬೇಕಲ್ಲ."

"ಅಡಗಿ ಕೂತದ್ದನ್ನು ಹಿಡಿಯಲಿಕ್ಕೆ ನಮ್ಮಲ್ಲಿ ಬೇರೆ ಮದ್ದು ಉಂಟು" ಎಂದು ಜಲಜಾಕ್ಷಿ ಅಕ್ಕಿ ತೊಳೆಯಲು ಹೋದಳು.

ಐಶ್ವರ್ಯಾ ಕಲ್ಯಾಣದಲ್ಲಿ ಬಟ್ಟೆ ಅಂಗಡಿ ಇಟ್ಟ ಗದಗ ಕಡೆಯ ಅಮೃತಪ್ಪನವರ ಮಗಳು. ರಂಜನನಿಗೂ ಅವಳಿಗೂ ಪರಿಚಯವಾದದ್ದು ಕಾಲೇಜಿನಲ್ಲಿ. ಅವಳು ಬಂದ ಮೇಲೆ ಮನೆಯಲ್ಲಿ ತುಳುವಿನ ಬದಲು ಕನ್ನಡ ಶುರುವಾಗಿತ್ತು. ಜಲಜಾಕ್ಷಿ ಸೊಸೆಯನ್ನು ಬೈದವಳಲ್ಲ. ಬಡಿಸುವಾಗ ಇನ್ನೊಂದು ಸೌಟು ಬೇಕಾ ಎಂದು ಕೇಳಿಯೇ ಬಡಿಸುತ್ತಿದ್ದಳು. ಎರಡು ವರ್ಷವಾದರೂ ಹಾಗೆ ಕೇಳುತ್ತಿದ್ದಳು ಎಂಬುದೇ ಕಷ್ಟ. ಮನೆಯ ಹೆಣ್ಣಿಗೆ ಯಾರೂ ಕೇಳಿ ಬಡಿಸುವುದಿಲ್ಲ, ನೆಂಟರಿಗೆ ಕೇಳುತ್ತಾರೆ. ಐಶ್ವರ್ಯಾಳಿಗೆ ಇದು ಗೊತ್ತಿತ್ತು. ರಂಜನನ ಹತ್ತಿರ ಹೇಳಿದರೆ "ಅರೇ ಯಾರ್, ಮಮ್ಮಿ ಪೋಲೈಟ್ ಇದ್ದಾಳೆ, ಅದೂ ಪ್ರಾಬ್ಲೆಮ್?" ಎನ್ನುತ್ತಿದ್ದ.

ಕಿಟ್ಟಣ್ಣ ಹೋದ ಮೇಲೆ ಮನೆ ಖಾಲಿಯೆನಿಸಿತು. ಜೂನ್ ಮಳೆ ಹಿಡಿಯಿತು. ರಂಜನ್ ಭಿವಂಡಿಯ ಗೋದಾಮಿನ ಕೆಲಸಕ್ಕೆ ಎಂಟಕ್ಕೆ ಹೊರಟರೆ ಐಶ್ವರ್ಯಾ ಅದಕ್ಕೂ ಮೊದಲು ಲೋಕಲ್ ಹಿಡಿಯುತ್ತಿದ್ದಳು. ಹಗಲೆಲ್ಲ ಜಲಜಾಕ್ಷಿ ಒಬ್ಬಳೇ. ಗಂಡನಿಲ್ಲದೆ ದೋಸೆ ಹಿಟ್ಟು ಅರೆಯಲು ಅವಳಿಗೆ ಮನಸ್ಸಾಗಲಿಲ್ಲ. ತಿಂಗಳಿಡೀ ಉಪ್ಪಿಟ್ಟು, ಅವಲಕ್ಕಿ.

ಭಾನುವಾರ ಫೋನು ಬರುತ್ತಿತ್ತು. ಮೂರನೆಯ ಭಾನುವಾರ ಕಿಟ್ಟಣ್ಣನ ಧ್ವನಿ ಇಳಿದಿತ್ತು.

"ಎದೆ ಉರಿ ಮಾರಾಯ್ತಿ. ಎಂಜಲು ನುಂಗಿದರೂ ಮುಳ್ಳು ಚುಚ್ಚಿದ ಹಾಗೆ ಆಗ್ತದೆ. ಗುಳಿಗೆಯಿಂದಲೇ ಅಂತ ಕಾಣ್ತದೆ."

"ಬಿಟ್ಟುಬಿಡಿ!" ಎಂದಳು ಜಲಜಾಕ್ಷಿ ಒಂದೇ ಉಸಿರಿಗೆ. "ಜೀವ ಉಳಿಸುವ ಗುಳಿಗೆ ಎದೆ ಸುಡ್ತದಾ?"

ಐಶ್ವರ್ಯಾ ತರಕಾರಿ ಹೆಚ್ಚುವುದನ್ನು ಬಿಟ್ಟು ಬಂದಳು. "ಅತ್ತ್ಯಾರ, ಒಂದ ನಿಮಿಷ ನಂಗ ಕೊಡ್ರಿ. ಮಾವಾರ, ಯಾವಾಗ ತಗೋತೀರಿ? ಹೆಂಗ?"

"ಎಲ್ಲ ಗಿರಾಕಿ ಹೋದ ಮೇಲೆ. ನಮ್ಮದು ಊಟ ಕೊನೆಗೆ ಅಲ್ವಾ ಮಗಳೇ. ಊಟಕ್ಕೆ ಮನಸ್ಸಾಗದಿದ್ದರೆ ಒಂದು ಗುಟುಕು ಮಜ್ಜಿಗೆಯಲ್ಲಿ ನುಂಗಿ ಬಿದ್ದುಕೊಳ್ತೇನೆ."

"ಅದಕ್ಕ ಸುಡತದ್ರಿ. ಗುಳಿಗಿ ಗಂಟಲದಾಗ ಅಂಟಿ ಕುಂತಿರತದ. ಮಜ್ಜಿಗಿ ಬ್ಯಾಡ, ಮಲಗೂದೂ ಬ್ಯಾಡ. ಮೊದಲು ಅಲ್ಲೇ ಒಬ್ಬ ಡಾಕ್ಟರಿಗೆ ತೋರಿಸ್ರಿ. ನಾನೂ ಠಾಣೆಯವರಿಗೆ ಫೋನ್ ಮಾಡ್ತೀನಿ. ನೀವ ಮುಂಜಾನೆ ಎಷ್ಟಕ್ಕ ಇಡ್ಲಿ ತಿಂತೀರಿ?"

"ಏಳಕ್ಕೆ. ನಿಂತುಕೊಂಡೇ."

"ಛಲೋ ಆತು. ಆ ಇಡ್ಲಿ ಮ್ಯಾಲೆ ನುಂಗಿ ಒಂದ ದೊಡ್ಡ ಲೋಟ ನೀರು ಕುಡೀರಿ. ಆಮ್ಯಾಲೆ ಹೆಂಗೂ ಕಲ್ಲಿನ ಮುಂದ ನಿಂತಽ ಇರ್ತೀರಲ್ಲ."

ಠಾಣೆಯ ಡಾಕ್ಟರೂ ಅಲ್ಲಿಯ ಡಾಕ್ಟರೂ ಅದನ್ನೇ ಹೇಳಿದರು. ವಾರದಲ್ಲಿ ಉರಿ ಇಳಿಯಿತು. "ಸೊಸೆ ಹೇಳಿದ್ದು ಸರಿಯಾಯ್ತು ನೋಡು" ಎಂದು ಮುಂದಿನ ಭಾನುವಾರ ಕಿಟ್ಟಣ್ಣ ಖುಷಿಯಿಂದ ಹೇಳಿದ. ಇದನ್ನು ಅವನು ಹೆಂಡತಿಗೆ ಹೇಳಬಾರದಾಗಿತ್ತು. ಮೂವತ್ತು ವರ್ಷ ಅವನ ಹೊಟ್ಟೆಯ ಬೇಕುಬೇಡ ನೋಡಿಕೊಂಡವಳು ಜಲಜಾಕ್ಷಿ. ಅವಳು ಬಿಡಿ ಎಂದದ್ದನ್ನು ಬಿಡಲಿಲ್ಲ, ಇನ್ನೊಬ್ಬಳು ಹಿಡಿ ಎಂದದ್ದನ್ನು ಹಿಡಿದ. ಆ ದಿನ ಸಾರಿಗೆ ಉಪ್ಪು ಹೆಚ್ಚಾಗಿತ್ತು. ಐಶ್ವರ್ಯಾ ಮೊಸರು ಕಲಸಿಕೊಂಡು ಉಂಡಳು.

ಜುಲೈ ಕೊನೆಯ ಶನಿವಾರ ಕಿಟ್ಟಣ್ಣ ಬಂದಿಳಿದ. ನಾಲ್ಕು ಕಿಲೋ ಸೊರಗಿದ್ದ. ಜಲಜಾಕ್ಷಿ ಅವನ ಕುತ್ತಿಗೆಯ ಎಲುಬು ಮುಟ್ಟಿ ನೋಡಿ ಕಣ್ಣೊರೆಸಿಕೊಂಡು, ಆ ದಿನವೇ ಉದ್ದು ನೆನೆಹಾಕಿದಳು. ಐಶ್ವರ್ಯಾ ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಸಂಕಷ್ಟಿ ಮತ್ತು ಗ್ಯಾಸ್ ಸಿಲಿಂಡರಿನ ದಿನಗಳ ನಡುವೆ, ಇಪ್ಪತ್ತೆಂಟು ಮನೆಗಳಲ್ಲಿ ಕೆಂಪು ಪೆನ್ಸಿಲಿನಿಂದ ಒಂದೊಂದು ಸೊನ್ನೆ ಹಾಕಿದಳು.

"ಮಾವಾರ, ನುಂಗಿದ ಮ್ಯಾಲೆ ಸೊನ್ನಿ ಒಳಗ ಒಂದು ಗುರುತು ಹಾಕ್ರಿ. ಅಷ್ಟ."

"ಕ್ಯಾಲೆಂಡರಿಗೆ ಜ್ವರದ ಗುಳ್ಳೆ ಎದ್ದ ಹಾಗೆ ಕಾಣ್ತದೆ" ಎಂದಳು ಜಲಜಾಕ್ಷಿ.

ಒಂಬತ್ತು ದಿನ ಎಲ್ಲ ಸರಿಯಾಗಿ ನಡೆಯಿತು. ಹತ್ತನೆಯ ದಿನ ಆಟಿ ಅಮಾವಾಸ್ಯೆ.

ತುಳುನಾಡಿನವರಿಗೆ ಆ ದಿನ ಬೆಳಕು ಹರಿಯುವ ಮೊದಲು ಹಾಲೆ ಮರದ ತೊಗಟೆಯ ಕಷಾಯ ಕುಡಿಯದಿದ್ದರೆ ವರ್ಷವೇ ಸರಿಹೋಗುವುದಿಲ್ಲ. ತೊಗಟೆಯನ್ನು ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ತೆಗೆಯಬೇಕು. ಮರ ಗುರುತಿಸುವವರು ಬಲ್ಲವರೇ ಆಗಬೇಕು, ತಪ್ಪು ಮರದ ತೊಗಟೆ ಕುಡಿದು ಸತ್ತವರೂ ಇದ್ದಾರೆ. ಡೊಂಬಿವಲಿಯ ನಮ್ಮವರಿಗೆ ಈ ಕೆಲಸ ಮಾಡಿಕೊಡುವವನು ಟಿಟ್ವಾಳಾದ ಚನಿಯಣ್ಣ. ಭಿವಂಡಿಯ ಮಗ್ಗದಲ್ಲಿ ದುಡಿದು ನಿವೃತ್ತನಾದ ಆತ, ತನ್ನ ಮನೆಯ ಹತ್ತಿರದ ಮರದಿಂದ ತೊಗಟೆ ತೆಗೆದು, ಮೊದಲ ಲೋಕಲ್ಲಿನಲ್ಲಿ ಬಂದು, ಪ್ಲಾಟ್‌ಫಾರಮ್ಮಿನ ಸೇತುವೆಯ ಕೆಳಗೆ ನಿಂತು ಮನೆಮನೆಯ ಪೊಟ್ಟಣ ಹಂಚುತ್ತಾನೆ. ಜಲಜಾಕ್ಷಿ ಪ್ರತಿ ವರ್ಷ ತಾನೇ ಹೋಗಿ ತರುತ್ತಾಳೆ.

ಕಾದ ಬಿಳಿಕಲ್ಲು ಹಾಕಿ ಚುಂಯ್ ಎನ್ನಿಸಿದ ಕಷಾಯವನ್ನು ಅವಳು ಕಿಟ್ಟಣ್ಣನ ಕೈಗೆ ಕೊಟ್ಟಳು. ಐಶ್ವರ್ಯಾ ಆಗಲೇ ಸ್ನಾನ ಮುಗಿಸಿ ಟ್ರೇನಿಗೆ ಹೊರಟಿದ್ದಳು. "ನಿನಗೆ ಬೇಕಾ?" ಎಂದು ಜಲಜಾಕ್ಷಿ ಕೇಳಿದಳು. ಕೇಳಿದ ರೀತಿಗೆ ಐಶ್ವರ್ಯಾ "ಬ್ಯಾಡ್ರಿ" ಎಂದಳು. "ಮಾವಾರ, ಗುಳಿಗಿ ಮರೀಬ್ಯಾಡ್ರಿ" ಎಂದು ಚಪ್ಪಲಿ ಮೆಟ್ಟಿದಳು.

ಬಾಗಿಲು ಮುಚ್ಚಿತು. ಕಿಟ್ಟಣ್ಣ ಮುಖ ಕಿವುಚಿಕೊಂಡು ಕಹಿ ಮುಗಿಸಿದ. ಹೊಟ್ಟೆ ತಂಪಾಗಲು ಮೆಂತೆ ಗಂಜಿ ಉಂಡ. ಗುಳಿಗೆಯ ಡಬ್ಬಿಗೆ ಕೈ ಹಾಕಿದ.

"ಇವತ್ತು ಬೇಡ" ಎಂದಳು ಜಲಜಾಕ್ಷಿ. "ಹಾಲೆಯ ಕಷಾಯ ಹೊಟ್ಟೆಯಲ್ಲಿರುವಾಗ ಇಂಗ್ಲಿಷ್ ಮದ್ದು ಯಾರಾದ್ರೂ ತಿಂತಾರಾ?"

"ಒಂದು ದಿನ ತಪ್ಪಿದರೆ ಸೊಸೆ…"

"ಸೊಸೆ, ಸೊಸೆ! ನನ್ನ ಅಮ್ಮ ಏಳು ಮಕ್ಕಳನ್ನು ಈ ಕಷಾಯದಲ್ಲೇ ಸಾಕಿದ್ದು. ನಿಮ್ಮ ಮೈ ನೋಡಿ, ಆ ಗುಳಿಗೆ ತಿಂದು ತಿಂದು ಬತ್ತಿ ಹೋಗಿದ್ದೀರಿ. ಮನೆಗೆ ಬಂದಾಯ್ತು, ಕಷಾಯ ಕುಡಿದಾಯ್ತು. ಇನ್ನು ಅದು ಎಂತಕ್ಕೆ? ನನ್ನ ತಮ್ಮ ಮಧ್ವರಾಜನೂ ಅದೇ ಹೊಟೇಲಿಗೆ ಹೋಗುವವನು ಉಂಟಲ್ಲ, ಅವನಿಗಾದರೂ ಆದೀತು."

ಕಿಟ್ಟಣ್ಣ ಹೆಂಡತಿಯ ಮುಖ ನೋಡಿದ. ಡಬ್ಬಿಯನ್ನು ಅವಳ ಕೈಗೆ ಕೊಟ್ಟ. ಅವಳು ಉಳಿದ ಹತ್ತೊಂಬತ್ತು ಗುಳಿಗೆಗಳನ್ನು ಮೆಂತೆ ಡಬ್ಬಿಯೊಳಗೆ ಹುಗಿದಿಟ್ಟಳು. ಆಮೇಲೆ ಕಿಟ್ಟಣ್ಣ ಕ್ಯಾಲೆಂಡರಿನ ಹತ್ತಿರ ಹೋಗಿ ಆ ದಿನದ ಸೊನ್ನೆಯೊಳಗೆ ಗುರುತು ಹಾಕಿದ. ಮರುದಿನವೂ ಹಾಕಿದ. ಪ್ರತಿ ದಿನ ಸಂಜೆ ಐಶ್ವರ್ಯಾ ಬಂದು ಕೈಕಾಲು ತೊಳೆದು ಕ್ಯಾಲೆಂಡರ್ ನೋಡುತ್ತಿದ್ದಳು, ಸಮಾಧಾನದಿಂದ ಚಹಾಕ್ಕೆ ಇಡುತ್ತಿದ್ದಳು. ಇಬ್ಬರು ಹೆಂಗಸರೂ ನೆಮ್ಮದಿಯಿಂದ ಇರುವುದನ್ನು ಕಂಡು ಕಿಟ್ಟಣ್ಣನಿಗೂ ನೆಮ್ಮದಿ. ಒಂದು ಪೆನ್ಸಿಲಿನ ಗೀರಿನಿಂದ ಮನೆ ಇಷ್ಟು ಸುಖವಾಗಿರುತ್ತದೆಂದು ತಿಳಿದಿದ್ದರೆ ಅವನು ಮೊದಲೇ ಶುರುಮಾಡುತ್ತಿದ್ದ.

ಹನ್ನೆರಡು ಗೀರು ಬಿದ್ದ ಮರುದಿನ, ಒಂದು ಭಾನುವಾರ, ಅವನಿಗೆ ಚಳಿ ಬಂತು.

ಎರಡು ಕಂಬಳಿ ಹೊದೆಸಿದರೂ ಮಂಚ ಅಲುಗಿತು. ಸಂಜೆಗೆ ಬೆವತು ಜ್ವರ ಇಳಿಯಿತು. "ಮಳೆಗಾಲ, ಇಡೀ ಬಿಲ್ಡಿಂಗಿನಲ್ಲಿ ವೈರಲ್ ಉಂಟು" ಎಂದಳು ಜಲಜಾಕ್ಷಿ. ಸೋಮವಾರ ಮತ್ತೆ ಏರಿತು. ಐಶ್ವರ್ಯಾ ಹೊರಡುವಾಗ ಬಾಗಿಲಲ್ಲಿ ನಿಂತು "ಆಫ್ರಿಕಾಕ್ಕ ಹೋಗಿದ್ದು ಮೊದಲು ಹೇಳ್ರಿ, ರಕ್ತ ನೋಡಿಸ್ರಿ" ಎಂದು ರಂಜನನಿಗೆ ಎರಡು ಸಲ ಹೇಳಿದಳು. ರಂಜನ್ ಅಪ್ಪನನ್ನು ಓಣಿಯ ಡಾಕ್ಟರರ ಬಳಿಗೆ ಕರೆದುಕೊಂಡು ಹೋದ. ಜಲಜಾಕ್ಷಿಯೂ ಹೋದಳು.

"ಯುಗಾಂಡಾ ಗಯೇ ಥೇ" ಎಂದು ರಂಜನ್ ಮರೆಯದೆ ಹೇಳಿದ. "ಲೇಕಿನ್ ಗೋಲಿ ಏಕ್ ಭೀ ಮಿಸ್ ನಹೀ ಕೀ. ಕ್ಯಾಲೆಂಡರ್ ಪೇ ರೋಜ್ ಟಿಕ್ ಹೈ, ಡಾಕ್ಟರ್‌ಸಾಬ್."

"ಒಂದೂ ತಪ್ಪಿಸಿಲ್ಲವಾ?" ಡಾಕ್ಟರು ಕಿಟ್ಟಣ್ಣನನ್ನು ಕೇಳಿದರು. ಕಿಟ್ಟಣ್ಣ ಜ್ವರದ ಕಣ್ಣಿನಿಂದ ಹೆಂಡತಿಯ ಕಡೆ ನೋಡಿದ. ಜಲಜಾಕ್ಷಿ ನೆಲ ನೋಡಿದಳು. ಹೊರಗೆ ಮೂವತ್ತು ಜನ ಜ್ವರದವರು ಕೂತಿದ್ದರು. ಎರಡು ದಿನದ ಜ್ವರದ ಗುಳಿಗೆ ಬರೆದುಕೊಟ್ಟು, ಇಳಿಯದಿದ್ದರೆ ರಕ್ತ ನೋಡೋಣವೆಂದು ಡಾಕ್ಟರು ಮುಂದಿನವರನ್ನು ಕರೆದರು.

ಸಂಜೆ ಬಂದ ಐಶ್ವರ್ಯಾ "ರಕ್ತ?" ಎಂದಳು.

"ಡಾಕ್ಟರ್ ದೋ ದಿನ್ ನೋಡೋಣ ಅಂದಿದ್ದಾರೆ. ನೀನು ಜಾಸ್ತಿ ಡಾಕ್ಟರ್ ಆಗ್ಬೇಡ ಯಾರ್" ಎಂದ ರಂಜನ್. ಅವನಿಗೂ ಹೆದರಿಕೆಯಾಗಿತ್ತು, ಹೆದರಿಕೆ ಅವನಲ್ಲಿ ಸಿಡುಕಾಗಿ ಬರುತ್ತಿತ್ತು. ಐಶ್ವರ್ಯಾ ಕ್ಯಾಲೆಂಡರಿನ ಮುಂದೆ ನಿಂತು ಗುರುತುಗಳನ್ನು ಬೆರಳಿನಿಂದ ಎಣಿಸಿದಳು. ಜ್ವರ ಬಂದ ಹಿಂದಿನ ದಿನದವರೆಗೆ ಎಲ್ಲ ಸರಿಯಾಗಿತ್ತು. ಅವಳು ಚಹಾಕ್ಕೆ ಇಟ್ಟಳು.

ಮಂಗಳವಾರ ಬೆಳಿಗ್ಗೆ ಆರೂವರೆಗೆ ಅವಳು ಡಬ್ಬಿಗೆ ಚಪಾತಿ ಹಾಕುತ್ತಿದ್ದಾಗ ಒಳಗಿನಿಂದ ಮಾವನ ಮಾತು ಕೇಳಿಸಿತು. "ಹಿಟ್ಟು ಹುಳಿ ಬಂತು, ಕಲ್ಲಿಗೆ ನೀರು ಚಿಮುಕಿಸು, ಚಿಮುಕಿಸು…" ಹೋಗಿ ನೋಡಿದರೆ ಅವನ ಕಣ್ಣಿನ ಬಿಳುಪು ಅರಿಶಿನವಾಗಿತ್ತು. ಎದುರು ನಿಂತವಳು ಯಾರೆಂದು ಅವನಿಗೆ ತಿಳಿಯಲಿಲ್ಲ. ಜಲಜಾಕ್ಷಿ ಅವನ ಪಾದ ತಿಕ್ಕುತ್ತಾ ಕೂತಿದ್ದಳು.

"ಗುಳಿಗಿ ಎಲ್ಲಾ ತಗೊಂಡಾರ, ಅದಾಗಿರಲಿಕ್ಕಿಲ್ಲ…" ಐಶ್ವರ್ಯಾ ತನಗೆ ತಾನೇ ಹೇಳಿಕೊಂಡಳು. "ಮತ್ತ ಏನಿದು? ಆದ್ರೂ ಒಂದ ಸಲ…"

ಜಲಜಾಕ್ಷಿ ಎದ್ದಳು. ಅಡುಗೆಮನೆಗೆ ಹೋಗಿ ಮೆಂತೆ ಡಬ್ಬಿ ತಂದು ಸೊಸೆಯ ಮುಂದೆ ನೆಲದ ಮೇಲೆ ಸುರಿದಳು. ಮೆಂತೆಯ ರಾಶಿಯೊಳಗಿನಿಂದ ಗುಳಿಗೆಯ ಪಟ್ಟಿಗಳು ಹೊರಗೆ ಬಂದವು.

"ತಗೊಳ್ಳಲಿಲ್ಲ" ಎಂದಳು. "ಅಮಾವಾಸ್ಯೆಯಿಂದ ಒಂದೂ ತಗೊಳ್ಳಲಿಲ್ಲ. ನಾನೇ ಬೇಡ ಅಂದೆ. ಗುರುತು ಸುಳ್ಳು. ನಿನ್ನೆ ಡಾಕ್ಟರು ಕೇಳುವಾಗ ಬಾಯಿ ಬಿಡಲಿಲ್ಲ, ನಿನ್ನ ಎದುರು ಸಣ್ಣವಳಾಗ್ತೇನೆ ಅಂತ. ಬೈಯುವುದಾದ್ರೆ ಬೈ. ಇವರನ್ನು ಮಾತ್ರ ಉಳಿಸು."

ಐಶ್ವರ್ಯಾ ಬೈಯಲಿಲ್ಲ. ಬೈಯುವಷ್ಟು ಹೊತ್ತು ಇರಲಿಲ್ಲ ಎಂಬುದೂ ನಿಜ, ಬೈಯುವ ಹೆಣ್ಣಲ್ಲ ಎಂಬುದೂ ನಿಜ. ಪಟ್ಟಿಗಳನ್ನೂ ಡಬ್ಬಿಯ ಮುಚ್ಚಳವನ್ನೂ ಪರ್ಸಿಗೆ ಹಾಕಿಕೊಂಡಳು. "ರಂಜನ್, ರಿಕ್ಷಾ! ಅತ್ತ್ಯಾರ, ಅವರ ತಲಿ ನಿಮ್ಮ ಭುಜದ ಮ್ಯಾಲೆ ಇಟಗೊಂಡು ಕೂಡ್ರಿ. ನೀವ ಈಗ ಹೇಳಿದ್ದು ಭಾಳ ಛಲೋ ಆತು. ನಡೀರಿ."

ದೊಡ್ಡ ಆಸ್ಪತ್ರೆಯ ಬಾಗಿಲಲ್ಲಿ ಸ್ಟ್ರೆಚರ್ ನಿಲ್ಲುವ ಮೊದಲೇ ಅವಳು ಹೇಳಿದಳು: ಯುಗಾಂಡಾ, ಬಂದು ಇಪ್ಪತ್ತನಾಲ್ಕು ದಿನ, ಗುಳಿಗೆ ಒಂಬತ್ತು ದಿನಕ್ಕೆ ನಿಂತಿದೆ, ಮೂರನೆಯ ದಿನದ ಜ್ವರ. ಅಲ್ಲಿಯ ಯುವ ಡಾಕ್ಟರಮ್ಮ ಇನ್ನೇನೂ ಕೇಳದೆ ಬೆರಳು ಚುಚ್ಚಿ ರಕ್ತ ತೆಗೆದಳು. ಅರ್ಧ ಗಂಟೆಯಲ್ಲಿ ಉತ್ತರ ಬಂತು. ಮಲೇರಿಯಾ, ಅದರಲ್ಲೂ ಮಿದುಳಿಗೆ ಹತ್ತುವ ಜಾತಿಯದು. ನರದೊಳಗೆ ಔಷಧಿ ಶುರುವಾಯಿತು.

ಆ ಎರಡು ದಿನ ಅತ್ತೆ ಸೊಸೆ ಐಸಿಯುವಿನ ಹೊರಗಿನ ಒಂದೇ ಬೆಂಚಿನ ಮೇಲೆ ಕೂತರು. ರಂಜನ್ ವಡಾಪಾವ್ ತಂದುಕೊಟ್ಟರೆ ಜಲಜಾಕ್ಷಿ ಅರ್ಧ ಮುರಿದು ಐಶ್ವರ್ಯಾಳ ಬಾಯಿಗೇ ಇಟ್ಟಳು. ಬೇಕಾ ಎಂದು ಕೇಳಲಿಲ್ಲ.

ಮೂರನೆಯ ದಿನ ಕಿಟ್ಟಣ್ಣ ಕಣ್ಣು ಬಿಟ್ಟು "ಕಾಫಿ" ಎಂದ. ಡಾಕ್ಟರಮ್ಮ ಹೊರಗೆ ಬಂದು, ಇನ್ನು ಹೆದರಬೇಡಿ ಎಂದಳು. "ಇನ್ನೊಂದು ದಿನ ತಡವಾಗಿದ್ದರೆ ನನ್ನ ಕೈಯಲ್ಲಿ ಇರುತ್ತಿರಲಿಲ್ಲ. ಪೂರ್ತಿ ವಿಷಯ ಹೇಳಿದ್ದು ಯಾರು?"

ಐಶ್ವರ್ಯಾ ಅತ್ತೆಯ ಕಡೆ ಕೈ ತೋರಿಸಿದಳು. "ಅತ್ತ್ಯಾರು ಹೇಳಿದ್ರಿ."

ಜಲಜಾಕ್ಷಿಗೆ ಅಲ್ಲಿಯವರೆಗೆ ಹಿಡಿದಿಟ್ಟ ಅಳು ಬಂತು. ಸೊಸೆಯ ಎರಡೂ ಕೈಯನ್ನು ತನ್ನ ಕಣ್ಣಿಗೆ ಒತ್ತಿಕೊಂಡಳು. "ನನ್ನ ಕರಿಮಣಿ ನಿನ್ನಿಂದ ಉಳಿಯಿತು ಮಗಳೇ. ನಾನು ಎರಡು ವರ್ಷದಿಂದ ನಿನ್ನನ್ನು ನೆಂಟರ ಹಾಗೆ ಇಟ್ಟೆ. ನೀನು ನೋಡಿದರೆ ನನ್ನ ಮರ್ಯಾದೆಯನ್ನೂ ಉಳಿಸ್ತೀಯಲ್ಲ."

"ಬಿಡ್ರಿ ಅತ್ತ್ಯಾರ, ಮಂದಿ ನೋಡ್ತಾರ" ಎಂದಳು ಐಶ್ವರ್ಯಾ. ಅವಳೂ ಅಳುತ್ತಿದ್ದಳು.

ಮನೆಗೆ ಬಂದ ದಿನ ಕಿಟ್ಟಣ್ಣನ ವಿಚಾರಣೆ ನಡೆಯಿತು. ಗಂಜಿಯ ಬಟ್ಟಲು ಕೈಯಲ್ಲಿ ಹಿಡಿದು ಅವನು ತಪ್ಪೊಪ್ಪಿಕೊಂಡ. "ಇವಳ ಮನಸ್ಸು ನೋಯಿಸಬಾರದು ಅಂತ ನುಂಗಲಿಲ್ಲ. ಸೊಸೆಯ ಮನಸ್ಸು ನೋಯಿಸಬಾರದು ಅಂತ ಗುರುತು ಹಾಕಿದೆ. ಇಬ್ಬರಿಗೂ ಒಳ್ಳೆಯವನಾಗಲಿಕ್ಕೆ ಹೋಗಿ ಸಾಯಲಿಕ್ಕೆ ಹೊರಟಿದ್ದೆ."

"ಪಪ್ಪಾ, ಡಾಕ್ಟರಿಗೆ ಟಿಕ್ ತೋರಿಸಿ ಫುಲ್ ಕಾನ್ಫಿಡೆನ್ಸ್ ಕೊಟ್ಟವನು ನಾನು" ಎಂದ ರಂಜನ್. ಅವನು ಹೆಂಡತಿಯ ಕಡೆ ತಿರುಗಿ "ಸಾರೀ ಯಾರ್" ಎಂದ. ಮದುವೆಯಾದ ಮೇಲೆ ಮೊದಲ ಸಲ ತಾಯಿಯ ಎದುರು ಹೇಳಿದ.

ಐಶ್ವರ್ಯಾ ರಬ್ಬರ್ ತಂದು ಕ್ಯಾಲೆಂಡರಿನ ಹನ್ನೆರಡು ಗುರುತುಗಳನ್ನು ಅಳಿಸಲು ಹೋದಳು. ಜಲಜಾಕ್ಷಿ ತಡೆದಳು. "ಇರಲಿ. ಡಿಸೆಂಬರ್‌ವರೆಗೂ ಪುಟ ಹರಿಯಬೇಡ. ನನ್ನ ಕಣ್ಣಿಗೆ ಬೀಳ್ತಾ ಇರಲಿ." ಚೌತಿ ಮುಗಿದ ಮೇಲೆ ಎಲ್ಲರೂ ಟಿಟ್ವಾಳಾದ ಗಣಪತಿಗೆ ಹೋಗಿ ಕಾಯಿ ಒಡೆದು ಬಂದರು. ಹಣ್ಣುಕಾಯಿಯ ಸಂಕಲ್ಪಕ್ಕೆ ಭಟ್ಟರು ಹೆಸರು ಕೇಳಿದಾಗ ಜಲಜಾಕ್ಷಿ ಮೊದಲು ಸೊಸೆಯ ಹೆಸರು ಹೇಳಿದಳು.

ಮರುವರ್ಷ ಏಪ್ರಿಲ್‌ನಲ್ಲಿ ಮಧ್ವರಾಜನಿಗೆ ಕಂಪಾಲಾದ ಕರೆ ಬಂತು. ಠಾಣೆಯ ಹೊಟೇಲೊಂದರಲ್ಲಿ ಗಲ್ಲೆಯ ಹಣ ನೋಡಿಕೊಳ್ಳುವ ಅವನು, ಅಕ್ಕನ ಮನೆಗೆ ಬಂದು ಕೂತವನೇ ಕೇಳಿದ: "ಭಾವನ ಗುಳಿಗೆ ಉಳಿದದ್ದು ಉಂಟಂತಲ್ಲ ಅಕ್ಕ, ಕೊಡು. ಹೊಸತು ಎಂತಕ್ಕೆ?"

"ಅದು ಇಲ್ಲ. ನಾನೇ ಮೆಡಿಕಲ್‌ನವರಿಗೆ ಒಪ್ಪಿಸಿ ಬಂದೆ. ಅದು ಭಾವನ ಮೈ ನೋಡಿ ಕೊಟ್ಟದ್ದು. ನೀನು ಬಿಪಿ ಗುಳಿಗೆ ತಿನ್ನುವವನು, ನಿನ್ನದು ಬೇರೆ ಮೈ. ಶನಿವಾರ ಸೊಸೆಯ ಜೊತೆ ಡಾಕ್ಟರರ ಹತ್ತಿರ ಹೋಗು. ಅವಳು ಹೇಳಿದ ಹಾಗೆ ಮಾಡು."

"ನೀನಾ ಈ ಮಾತು ಹೇಳುವುದು?"

"ನಾನೇ" ಎಂದಳು ಜಲಜಾಕ್ಷಿ.

ಅವನು ಅಲ್ಲಿದ್ದ ಎರಡು ತಿಂಗಳು ಪ್ರತಿ ಬೆಳಿಗ್ಗೆ ಅವಳು ಮಿಸ್ಡ್ ಕಾಲ್ ಕೊಟ್ಟಳು. ನುಂಗಿದ್ದರೆ ಅವನು ತಿರುಗಿ ಒಂದು ಮಿಸ್ಡ್ ಕಾಲ್ ಕೊಡಬೇಕು. ಜೂನ್ ಕೊನೆಯ ಶನಿವಾರ ಬಂದಿಳಿದವನನ್ನು ಠಾಣೆಯ ಕೋಣೆಗೆ ಬಿಡದೆ ತನ್ನ ಮನೆಯಲ್ಲೇ ಇರಿಸಿಕೊಂಡಳು. ಹೊಸ ಕ್ಯಾಲೆಂಡರಿನಲ್ಲಿ ಇಪ್ಪತ್ತೆಂಟು ಸೊನ್ನೆ ಐಶ್ವರ್ಯಾ ಹಾಕಿದಳು. ಪೆನ್ಸಿಲನ್ನು ಮಾತ್ರ ಜಲಜಾಕ್ಷಿ ಸೆರಗಿನ ತುದಿಗೆ ಕಟ್ಟಿಕೊಂಡಳು, ಗಂಡಸರ ಕೈಗೆ ಸಿಗದ ಹಾಗೆ.

ಇಪ್ಪತ್ತೆಂಟನೆಯ ದಿನ ಆಟಿ ಅಮಾವಾಸ್ಯೆಯೇ ಬಂತು. ಚನಿಯಣ್ಣನ ತೊಗಟೆ ತರಲು ಈ ಸಲ ಅತ್ತೆಯ ಜೊತೆ ಸೊಸೆಯೂ ಸ್ಟೇಷನ್ನಿಗೆ ಹೋಗಿದ್ದಳು. ಶನಿವಾರ, ಆಫೀಸಿಗೆ ರಜೆ. ಜಲಜಾಕ್ಷಿ ನಾಲ್ಕು ಲೋಟಕ್ಕೆ ಕಷಾಯ ಬಗ್ಗಿಸಿದಳು. ಮಧ್ವರಾಜ ಕೈ ಚಾಚಿದ.

"ನಿನಗಿಲ್ಲ" ಎಂದಳು. "ಗುಳಿಗೆ ಮುಗಿಯುವ ತನಕ ಬೇಡ ಅಂತ ಡಾಕ್ಟರು ಹೇಳಿದ್ದಾರೆ. ಬರುವ ವರ್ಷ ಕುಡಿ."

"ಆಟಿಯ ಕಷಾಯವನ್ನೇ ಬೇಡ ಅಂದಳಲ್ಲ ಭಾವಾ!"

"ಕೇಳು ಮಾರಾಯ" ಎಂದ ಕಿಟ್ಟಣ್ಣ. "ಕೇಳದವನ ಗತಿ ನನ್ನನ್ನು ನೋಡು."

ನಾಲ್ಕನೆಯ ಲೋಟವನ್ನು ಜಲಜಾಕ್ಷಿ ಐಶ್ವರ್ಯಾಳ ಕೈಯಲ್ಲಿಟ್ಟಳು. ಐಶ್ವರ್ಯಾ ಕಣ್ಣು ಮುಚ್ಚಿ ಕುಡಿದು "ಅಯ್ಯಯ್ಯ, ಏ ಯವ್ವಾ!" ಎಂದು ಕುಣಿದಾಡಿದಳು. ಜಲಜಾಕ್ಷಿ ನಗುತ್ತಾ ಅವಳ ಬಾಯಿಗೆ ಬೆಲ್ಲದ ಚೂರು ಹಾಕಿದಳು. ಮಧ್ವರಾಜ ಮೆಂತೆ ಗಂಜಿ ಉಂಡು, ಕೊನೆಯ ಗುಳಿಗೆ ನುಂಗಿ, ಅರ್ಧ ಲೋಟ ನೀರಿಗೆ ನಿಲ್ಲಿಸಲು ನೋಡಿದ. ಅಕ್ಕ ಎದುರು ನಿಂತಿದ್ದಳು. ಪೂರ್ತಿ ಕುಡಿದ.

ಜಲಜಾಕ್ಷಿ ಸೆರಗಿನ ಗಂಟು ಬಿಚ್ಚಿ ಪೆನ್ಸಿಲನ್ನು ಸೊಸೆಗೆ ಚಾಚಿದಳು. "ಕೊನೆಯದನ್ನು ನೀನು ಹಾಕು."

ಐಶ್ವರ್ಯಾ ಕ್ಯಾಲೆಂಡರಿನ ಮುಂದೆ ಪೆನ್ಸಿಲ್ ಹಿಡಿದು ಒಂದು ಗಳಿಗೆ ನಿಂತಳು. "ಖರೇನ ನುಂಗ್ಯಾರೇನ್ರಿ ಅತ್ತ್ಯಾರ?"

"ನಾನು ಕಣ್ಣಾರೆ ನೋಡಿದ್ದೇನೆ" ಎಂದಳು ಜಲಜಾಕ್ಷಿ. "ಹಾಕು ಮಗಳೇ."

ಐಶ್ವರ್ಯಾ ಗುರುತು ಹಾಕಿದಳು. ಜಲಜಾಕ್ಷಿ ಹತ್ತಿರ ಹೋಗಿ ಅದನ್ನು ನೋಡಿದಳು. ಆಮೇಲೆ ಒಳಗೆ ಹೋಗಿ ಉಳಿದ ಗಂಜಿಯನ್ನು ದೊಡ್ಡ ಬಟ್ಟಲಿಗೆ ತುಂಬಾ ಬಡಿಸಿ, ಸಾಕೋ ಬೇಕೋ ಎಂದು ಕೇಳದೆ, ಸೊಸೆಯ ಮುಂದೆ ಇಟ್ಟಳು.